ನೀರಿನ ಟ್ಯಾಂಕರ್ ಟ್ರೇಲರಿನ ಟೈರುಗಳ ಅಸಮ ಸವೆತ: ಕಾರಣ ಪತ್ತೆಹಚ್ಚುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ)



ಬೇಸಿಗೆಯ ತಿಂಗಳುಗಳಲ್ಲಿ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಮಂಡನೆಯಾಗುವ ವೆಚ್ಚದ ಪಟ್ಟಿಯಲ್ಲಿ "ಟ್ಯಾಂಕರ್ ಟೈರ್ ಬದಲಾವಣೆ" ಎಂಬ ಬಾಬ್ತು ಆಗಾಗ ಕಾಣಿಸಿಕೊಳ್ಳುತ್ತದೆ. ಒಂದೇ ವರ್ಷದಲ್ಲಿ ಅದೇ ಟ್ರೇಲರಿಗೆ ಎರಡನೆಯ ಬಾರಿ ಈ ಬಾಬ್ತು ಬಂದಾಗ ಸಭೆಯಲ್ಲಿ ಮೂರು ಬಗೆಯ ಮಾತುಗಳು ಹೊರಡುತ್ತವೆ. ಟೈರು ಕಳಪೆಯದೆಂದು ಕೆಲವರು, ಚಾಲಕನು ಅಜಾಗರೂಕನೆಂದು ಕೆಲವರು, ರಸ್ತೆಯೇ ಸರಿಯಿಲ್ಲವೆಂದು ಮತ್ತೆ ಕೆಲವರು ಹೇಳುತ್ತಾರೆ. ಈ ಮೂರೂ ನಿಜವಿರಬಹುದು, ಮೂರೂ ತಪ್ಪಾಗಿರಲೂಬಹುದು. ಆದರೆ ಬಿಚ್ಚಿಹಾಕಿದ ಹಳೆಯ ಟೈರನ್ನು ಯಾರೂ ನೋಡದೆ ಗುಜರಿಗೆ ಕಳುಹಿಸಿದ ಮೇಲೆ ಯಾವುದು ನಿಜವೆಂದು ತೀರ್ಮಾನಿಸಲು ಆಧಾರವೇ ಉಳಿಯುವುದಿಲ್ಲ. ಟೈರು ಎಲ್ಲಿ ಸವೆದಿದೆ, ಹೇಗೆ ಸವೆದಿದೆ ಎಂಬುದು ವಾಹನದ ದೋಷವನ್ನು ಬರೆದಿಟ್ಟ ದಾಖಲೆಯಂತೆ. ಆ ದಾಖಲೆಯನ್ನು ಓದುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇದಕ್ಕೆ ತಾಂತ್ರಿಕ ಪದವಿಯಾಗಲೀ ದುಬಾರಿ ಯಂತ್ರವಾಗಲೀ ಬೇಕಿಲ್ಲ.

ನಮ್ಮ ಜಿಲ್ಲೆಗೆ ಈ ವಿಷಯ ಏಕೆ ಮುಖ್ಯ?

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆಯ ವರ್ಷ ಮತ್ತು ಬರದ ವರ್ಷ ಬೆನ್ನುಬೆನ್ನಿಗೆ ಬರುತ್ತವೆ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿರುವ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಹರಿಯಿತು. ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಒಂದು ವರ್ಷ ಪಂಚಾಯಿತಿ ಆವರಣದ ಮೂಲೆಯಲ್ಲಿ ನಿಂತಿದ್ದ ಟ್ಯಾಂಕರನ್ನು ಮುಂದಿನ ವರ್ಷ ದಿನಕ್ಕೆ ಹಲವು ಸುತ್ತು ಓಡಿಸಬೇಕಾಗುತ್ತದೆ. ಹೊಳಲ್ಕೆರೆ, ಹೊಸದುರ್ಗ ಕಡೆಗಳಲ್ಲಿ ಬರದ ವರ್ಷಗಳಲ್ಲಿ ಕುಡಿಯುವ ನೀರಿಗೆ ಮಾತ್ರವಲ್ಲದೆ ಅಡಿಕೆ, ತೆಂಗಿನ ತೋಟಗಳನ್ನು ಉಳಿಸಿಕೊಳ್ಳುವುದಕ್ಕೂ ರೈತರು ಟ್ಯಾಂಕರುಗಳನ್ನೇ ನಂಬುತ್ತಾರೆ. ಆಗ ಬಾಡಿಗೆಗೆ ಬದಲಿ ಟ್ಯಾಂಕರು ಸಿಗುವುದೂ ದುರ್ಲಭವಾಗುತ್ತದೆ.

ಇಂತಹ ಹೊತ್ತಿನಲ್ಲಿ ತುಂಬಿದ ತೊಟ್ಟಿಯ ಟೈರು ದಾರಿಯಲ್ಲಿ ಸಿಡಿದರೆ ಅದು ಕೇವಲ ಟೈರಿನ ಬೆಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಊರಿನ ಕೊನೆಯಲ್ಲಿರುವ ಕಾಲೋನಿಗೆ ಅಂದು ನೀರು ತಲುಪುವುದಿಲ್ಲ. ಇಳಿಜಾರಿನಲ್ಲಿಯೋ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿಯೋ ಸಿಡಿದರೆ ಟ್ರೇಲರು ಟ್ರ್ಯಾಕ್ಟರನ್ನೂ ಎಳೆದುಕೊಂಡು ಮಗುಚಿ ಪ್ರಾಣಹಾನಿಯಾಗಬಹುದು.

ಟ್ರೇಲರು ಕಾರಿನಂತಲ್ಲ

ಕಾರಿನ ಟೈರು ಸವೆದರೆ ಚಕ್ರಗಳ ಜೋಡಣೆಯನ್ನು ಯಂತ್ರದಲ್ಲಿ ಸರಿಪಡಿಸುವ ಅಂಗಡಿಗಳು ಪಟ್ಟಣಗಳಲ್ಲಿವೆ. ಟ್ರೇಲರಿಗೆ ಸ್ಟೀರಿಂಗ್ ಇಲ್ಲ, ತಿರುಗಿಸಿ ಸರಿಪಡಿಸುವ ತಿರುಪುಗಳೂ ಇಲ್ಲ. ಉಕ್ಕಿನ ಒಂದು ಅಚ್ಚು, ಅದರ ಎರಡು ತುದಿಗೆ ಎರಡು ಚಕ್ರ, ಅಚ್ಚಿನ ಮೇಲೆ ಚಾಸಿ, ಚಾಸಿಯ ಮೇಲೆ ತೊಟ್ಟಿ: ಇಷ್ಟೇ ಅದರ ರಚನೆ. ಕೆಲವು ಟ್ರೇಲರುಗಳಲ್ಲಿ ಅಚ್ಚು ಮತ್ತು ಚಾಸಿಯ ನಡುವೆ ಕಮಾನು ಪಟ್ಟಿಗಳಿರುತ್ತವೆ. ಆದ್ದರಿಂದ ಟೈರು ಓರೆಯಾಗಿ ಸವೆಯುತ್ತಿದ್ದರೆ ಅಚ್ಚು, ಬೇರಿಂಗು, ಪಟ್ಟಿ, ರಿಮ್ಮು, ಗಾಳಿ ಅಥವಾ ಹೊರೆ, ಈ ಆರರಲ್ಲಿಯೇ ಕಾರಣ ಇರುತ್ತದೆ. ವಿದೇಶಗಳಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್ ಎಂಬ ಚಕ್ರದ ಮನೆಗೂ ನಮ್ಮ ನೀರಿನ ಟ್ಯಾಂಕರಿಗೂ ಈ ವಿಷಯದಲ್ಲಿ ಭೇದವಿಲ್ಲ. ಎರಡೂ ತಾವಾಗಿ ಚಲಿಸದೆ ಹಿಂದಿನಿಂದ ಎಳೆಸಿಕೊಂಡು ಹೋಗುವ ವಾಹನಗಳು. ಎಳೆಯುವ ಚಾಲಕನಿಗೆ ಹಿಂದಿನ ಚಕ್ರದ ದೋಷ ಸ್ಟೀರಿಂಗಿನಲ್ಲಿ ತಿಳಿಯುವುದಿಲ್ಲ. ಟೈರು ಸವೆದ ಮೇಲೆಯೇ ಅದು ಕಣ್ಣಿಗೆ ಬೀಳುತ್ತದೆ.

ಎತ್ತಿನ ಗಾಡಿಯನ್ನು ಬಲ್ಲ ಹಿರಿಯ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಚ್ಚು ಬಾಗಿದ ಗಾಡಿಯ ಚಕ್ರ ಓಲಾಡುತ್ತದೆ, ಎತ್ತಿನ ಹೆಗಲಿಗೆ ಭಾರ ಹೆಚ್ಚುತ್ತದೆ. ಟ್ಯಾಂಕರಿನಲ್ಲಿ ಆ ಭಾರವನ್ನು ಟೈರಿನ ರಬ್ಬರು ಮತ್ತು ಟ್ರ್ಯಾಕ್ಟರಿನ ಡೀಸೆಲ್ ಹೊರುತ್ತವೆ.

ಪರೀಕ್ಷೆಗೆ ಮೊದಲು ಸುರಕ್ಷತೆ

1. ತೊಟ್ಟಿಯನ್ನು ಪೂರ್ಣವಾಗಿ ಖಾಲಿ ಮಾಡತಕ್ಕದ್ದು. ತುಂಬಿದ ಟ್ರೇಲರಿನ ಕೆಳಗೆ ಯಾರೂ ನುಸುಳಬಾರದು.

2. ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ದಿಮ್ಮಿಯನ್ನು ಒತ್ತು ಕೊಡಬೇಕು. ಟ್ರೇಲರನ್ನು ಟ್ರ್ಯಾಕ್ಟರಿನಿಂದ ಕಳಚಬಾರದು.

3. ಜಾಕಿನಿಂದ ಎತ್ತಿದ ಮೇಲೆ ಅಚ್ಚಿನ ಕೆಳಗೆ ಗಟ್ಟಿಯಾದ ಆಸರೆಯನ್ನು ಇಡಬೇಕು. ಜಾಕ್ ಒಂದನ್ನೇ ನಂಬಬಾರದು.

4. ಬಹಳ ಸವೆದ ಟೈರಿನಲ್ಲಿ ತಂತಿಯ ತುದಿಗಳು ಹೊರಬಂದಿರುವ ಸಂಭವವಿದೆ. ಕೈಯಿಂದ ಸವರುವ ಮೊದಲು ಕಣ್ಣಿನಿಂದ ನೋಡಬೇಕು.

ಬೇಕಾಗುವ ಸಾಮಗ್ರಿ: ಗಾಳಿಯ ಒತ್ತಡ ನೋಡುವ ಗೇಜು, ಅಳತೆ ಟೇಪು, ಮಿಲಿಮೀಟರ್ ಗುರುತುಗಳಿರುವ ಸಣ್ಣ ಉಕ್ಕಿನ ಸ್ಕೇಲು, ಸೀಮೆಸುಣ್ಣ ಮತ್ತು ಗಾರೆ ಕೆಲಸದವರು ಗೋಡೆಯ ನೇರ ನೋಡಲು ಬಳಸುವ ತೂಗುಗುಂಡು.

ಮೊದಲ ಹೆಜ್ಜೆ: ಅಳತೆ

ಪ್ರತಿ ಟೈರಿನ ಸುತ್ತಳತೆಯಲ್ಲಿ ಸಮದೂರದ ನಾಲ್ಕು ಸ್ಥಳಗಳನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಪ್ರತಿ ಸ್ಥಳದಲ್ಲಿಯೂ ಒಳ ಅಂಚು, ನಡು ಮತ್ತು ಹೊರ ಅಂಚಿನಲ್ಲಿ ಗ್ರಿಪ್ಪಿನ ಆಳವನ್ನು ಅಳೆದು ಬರೆಯಬೇಕು. ಒಳ ಅಂಚೆಂದರೆ ಚಾಸಿಯ ಕಡೆಗಿರುವ ಅಂಚು. ಒಂದು ಟೈರಿಗೆ ಹನ್ನೆರಡು ಅಂಕಿಗಳಾಗುತ್ತವೆ. ಈ ಹನ್ನೆರಡು ಅಂಕಿಗಳು ಕೈಯಲ್ಲಿದ್ದರೆ ಅರ್ಧ ರೋಗನಿದಾನ ಮುಗಿದಂತೆಯೇ. ಅಡ್ಡಲಾಗಿ, ಅಂದರೆ ಒಳಗಿನಿಂದ ಹೊರಗೆ, ಅಂಕಿಗಳು ಬದಲಾದರೆ ದೋಷವು ಗಾಳಿ, ಹೊರೆ ಅಥವಾ ಅಚ್ಚಿನಲ್ಲಿದೆ. ಸುತ್ತಲೂ, ಅಂದರೆ ಒಂದು ಸ್ಥಳದಿಂದ ಮತ್ತೊಂದಕ್ಕೆ, ಅಂಕಿಗಳು ಏರಿಳಿದರೆ ದೋಷವು ಬೇರಿಂಗು, ರಿಮ್ಮು, ಬ್ರೇಕು ಅಥವಾ ದೀರ್ಘ ನಿಲುಗಡೆಯಲ್ಲಿದೆ.

ಗ್ರಿಪ್ಪಿನ ಸಂದುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ. ಅವುಗಳ ನೇರಕ್ಕೆ ಟೈರಿನ ಪಕ್ಕದಲ್ಲಿ ತ್ರಿಕೋನದ ಗುರುತು ಅಥವಾ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳಿರುತ್ತವೆ. ಗ್ರಿಪ್ಪು ಈ ಉಬ್ಬಿನ ಮಟ್ಟಕ್ಕೆ ಇಳಿದರೆ ಟೈರಿನ ಆಯುಸ್ಸು ಮುಗಿಯಿತೆಂದು ಅರ್ಥ. ನಾಲ್ಕು ಚಕ್ರದ ಮೋಟಾರು ವಾಹನಗಳಿಗೆ ಈ ಮಿತಿ 1.6 ಮಿ.ಮೀ. ಆಗಿದೆ. ಟೈರಿನ ಒಂದು ಅಂಚು ಮಾತ್ರ ಈ ಮಟ್ಟ ಮುಟ್ಟಿ ಉಳಿದ ಭಾಗ ದಪ್ಪವಾಗಿದ್ದರೂ ಆ ಟೈರನ್ನು ಓಡಿಸುವಂತಿಲ್ಲ. ಅಸಮ ಸವೆತದಿಂದಾಗುವ ನಷ್ಟ ಇದೇ: ಮುಕ್ಕಾಲು ಪಾಲು ರಬ್ಬರು ಉಳಿದಿರುವಾಗಲೇ ಇಡೀ ಟೈರನ್ನು ಎಸೆಯಬೇಕಾಗುತ್ತದೆ. ಅಂಚು ಒಳಗಿನ ನೂಲಿನ ಪದರದವರೆಗೆ ಸವೆದಿದ್ದರೆ ಆ ಟೈರನ್ನು ರಿಸೋಲಿಂಗ್ ಮಾಡಿಸುವ ಅವಕಾಶವೂ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಸವೆತದ ನಮೂನೆಯನ್ನು ಗುರುತಿಸುವುದು

ಎರಡೂ ಅಂಚು ಸವೆದು ನಡು ಉಳಿದಿದ್ದರೆ: ಗಾಳಿ ಕಡಿಮೆಯಾಗಿದೆ, ಅಥವಾ ಇರುವ ಗಾಳಿಗೆ ಹೊರೆ ಹೆಚ್ಚಾಗಿದೆ. ಟೈರು ಚಪ್ಪಟೆಯಾಗಿ ನಡುಭಾಗ ಒಳಕ್ಕೆ ತಗ್ಗುತ್ತದೆ, ಅಂಚುಗಳೇ ನೆಲವನ್ನು ಒತ್ತುತ್ತವೆ. ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಮಡಿಚಿ ಬಿಚ್ಚಿಕೊಳ್ಳುವುದರಿಂದ ಟೈರು ಒಳಗಿನಿಂದ ಬಿಸಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಟೈರುಗಳು ಸಿಡಿಯುವುದಕ್ಕೆ ಹೆಚ್ಚಾಗಿ ಈ ಕಡಿಮೆ ಗಾಳಿಯೇ ಕಾರಣ. ಬಿಸಿಲಿಗೆ ಹೆದರಿ ಗಾಳಿ ಕಡಿಮೆ ಇಡುವ ರೂಢಿ ನಮ್ಮಲ್ಲಿದೆ. ಇದು ತಪ್ಪು ತಿಳಿವಳಿಕೆ. ಓಡಿದ ಮೇಲೆ ಬಿಸಿಯಿಂದ ಒತ್ತಡ ಕೆಲವು ಪೌಂಡುಗಳಷ್ಟು ಏರುವುದು ಸಹಜ, ಟೈರನ್ನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಿಸಿರುತ್ತಾರೆ. ಬಿಸಿಯಾದ ಟೈರಿನಿಂದ ಗಾಳಿ ಬಿಡಬಾರದು. ಬೆಳಿಗ್ಗೆ ಮೊದಲ ಸುತ್ತಿಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು.

ನಡು ಸವೆದು ಅಂಚುಗಳು ಉಳಿದಿದ್ದರೆ: ಗಾಳಿ ಹೆಚ್ಚಾಗಿದೆ. ಟೈರು ಉಬ್ಬಿ ನಡುಭಾಗವೊಂದೇ ನೆಲ ಮುಟ್ಟುತ್ತದೆ. ವಾರಗಟ್ಟಲೆ ಖಾಲಿಯಾಗಿಯೇ ಓಡಾಡುವ ಟ್ರೇಲರಿನಲ್ಲಿ ಇದು ಕಾಣುತ್ತದೆ.

ಎರಡೂ ಟೈರುಗಳ ಒಳ ಅಂಚು ಸವೆದಿದ್ದರೆ: ಅಚ್ಚು ಬಾಗಿದೆಯೆಂದು ಶಂಕಿಸಬೇಕು. ತೊಟ್ಟಿಯ ಭಾರವು ಅಚ್ಚಿನ ಒಳಭಾಗವನ್ನು ಕೆಳಕ್ಕೆ ಒತ್ತುತ್ತದೆ, ನೆಲವು ಚಕ್ರಗಳ ಮೂಲಕ ಅಚ್ಚಿನ ತುದಿಗಳನ್ನು ಮೇಲಕ್ಕೆ ಒತ್ತುತ್ತದೆ. ಹೊರೆ ಮಿತಿ ಮೀರಿದರೆ ಅಚ್ಚಿನ ನಡು ಜೋತು ತುದಿಗಳು ಮೇಲೇಳುತ್ತವೆ. ಆಗ ಎರಡೂ ಚಕ್ರಗಳ ತಲೆಗಳು ಒಳಕ್ಕೆ ವಾಲುತ್ತವೆ, ಭಾರವೆಲ್ಲ ಒಳ ಅಂಚಿನ ಮೇಲೆ ಬೀಳುತ್ತದೆ. ತೊಟ್ಟಿಯ ಗಾತ್ರವನ್ನು ಹೆಚ್ಚಿಸಿ ಹಳೆಯ ಅಚ್ಚನ್ನೇ ಉಳಿಸಿಕೊಂಡ ಟ್ರೇಲರುಗಳಲ್ಲಿ ಇದನ್ನು ವಿಶೇಷವಾಗಿ ನಿರೀಕ್ಷಿಸಬೇಕು.

ಎರಡೂ ಟೈರುಗಳ ಹೊರ ಅಂಚು ಸವೆದು, ಕೈಯಿಂದ ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಗುಲಿದರೆ: ಎರಡು ಚಕ್ರಗಳು ಪರಸ್ಪರ ಸಮಾನಾಂತರವಾಗಿಲ್ಲ, ಮುಂಭಾಗದಲ್ಲಿ ಒಂದಕ್ಕೊಂದು ಹತ್ತಿರವಾಗಿವೆ. ಒಳ ಅಂಚು ಸವೆದು ಇದೇ ಗರಗಸದ ಅನುಭವವಾದರೆ ಮುಂಭಾಗದಲ್ಲಿ ಚಕ್ರಗಳು ಅಗಲಿವೆ. ಗುಂಡಿಗೆ ಬಿದ್ದ ಅಥವಾ ಕಲ್ಲಿಗೆ ಬಡಿದ ಏಟಿಗೆ ಅಚ್ಚಿನ ತುದಿ ಹಿಂದಕ್ಕೋ ಮುಂದಕ್ಕೋ ಬಾಗುವುದರಿಂದ ಹೀಗಾಗುತ್ತದೆ.

ಒಂದೇ ಟೈರಿನ ಒಂದೇ ಅಂಚು ಸವೆದಿದ್ದರೆ: ಆ ಚಕ್ರದ ಬೇರಿಂಗು ಸಡಿಲವಾಗಿದೆ, ಇಲ್ಲವೇ ಅಚ್ಚಿನ ಆ ತುದಿಯೊಂದೇ ಬಾಗಿದೆ.

ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ: ಚಕ್ರ ಕುಪ್ಪಳಿಸುತ್ತ ಓಡುತ್ತಿದೆ. ಸಡಿಲ ಬೇರಿಂಗು, ಸೊಟ್ಟ ರಿಮ್ಮು, ಮುರಿದ ಕಮಾನು ಪಟ್ಟಿ ಇದಕ್ಕೆ ಕಾರಣಗಳು.

ಒಂದೇ ಕಡೆ ಅಂಗೈ ಅಗಲದಷ್ಟು ಚಪ್ಪಟೆಯಾಗಿದ್ದರೆ: ಬ್ರೇಕಿರುವ ಟ್ರೇಲರಿನಲ್ಲಿ ಬ್ರೇಕು ಹಿಡಿದುಕೊಂಡು ಚಕ್ರ ಉಜ್ಜಿಕೊಂಡು ಹೋಗಿದೆ. ಬ್ರೇಕಿಲ್ಲದ ಟ್ರೇಲರಿನಲ್ಲಿ ಬೇರಿಂಗು ಬಿಗಿದು ನಿಂತಿದೆ, ಇಲ್ಲವೇ ಟ್ರೇಲರು ಒಂದೇ ಜಾಗದಲ್ಲಿ ಬಹುಕಾಲ ಭಾರ ಹೊತ್ತು ನಿಂತಿತ್ತು.

ಒಂದು ಟೈರು ಸಮವಾಗಿಯೇ ಸವೆದಿದ್ದು ಇನ್ನೊಂದಕ್ಕಿಂತ ಬಹಳ ಬೇಗ ಸವೆದಿದ್ದರೆ: ಎರಡು ಟೈರುಗಳ ಗಾಳಿ, ಅಳತೆ, ವಯಸ್ಸು ಅಥವಾ ರಚನೆ ಬೇರೆ ಬೇರೆಯಾಗಿದೆ. ಒಂದೇ ಅಚ್ಚಿಗೆ ಒಂದು ಕಡೆ ನೈಲಾನ್ ಟೈರು, ಇನ್ನೊಂದು ಕಡೆ ರೇಡಿಯಲ್ ಟೈರು ಹಾಕಬಾರದು. ಲಾರಿಗಳಿಂದ ಬಿಚ್ಚಿದ ಹಳೆಯ ಟೈರುಗಳನ್ನು ಟ್ರೇಲರಿಗೆ ಜೋಡಿಸುವಾಗ ಈ ದೋಷ ಸಾಮಾನ್ಯವಾಗಿ ನುಸುಳುತ್ತದೆ.

ಮೂರನೆಯ ಹೆಜ್ಜೆ: ಶಂಕೆಯನ್ನು ದೃಢಪಡಿಸಿಕೊಳ್ಳುವ ನಾಲ್ಕು ಪರೀಕ್ಷೆಗಳು

ನಮೂನೆಯನ್ನು ನೋಡಿ ಮೂಡುವ ಅಭಿಪ್ರಾಯ ಶಂಕೆ ಮಾತ್ರ. ಉದಾಹರಣೆಗೆ, ಒಳ ಅಂಚಿನ ಸವೆತಕ್ಕೆ ಬಾಗಿದ ಅಚ್ಚೂ ಕಾರಣವಾಗಬಹುದು, ಮುಂಭಾಗದಲ್ಲಿ ಅಗಲಿದ ಚಕ್ರಗಳೂ ಕಾರಣವಾಗಬಹುದು. ಹಣ ವೆಚ್ಚ ಮಾಡುವ ಮೊದಲು ಅಳತೆಯಿಂದ ದೃಢಪಡಿಸಿಕೊಳ್ಳಬೇಕು.

ಬೇರಿಂಗು ಪರೀಕ್ಷೆ: ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ಬೇರಿಂಗು ಸಡಿಲವಿದ್ದರೆ ಮುಂದಿನ ಅಳತೆಗಳು ಯಾವುವೂ ನಂಬಲರ್ಹವಲ್ಲ. ಖಾಲಿ ಟ್ರೇಲರಿನ ಒಂದು ಚಕ್ರವನ್ನು ನೆಲದಿಂದ ಎತ್ತಿ, ಆಸರೆ ಕೊಟ್ಟು, ಟೈರಿನ ತಲೆ ಮತ್ತು ಬುಡವನ್ನು ಹಿಡಿದು ಒಳಗೂ ಹೊರಗೂ ಅಲುಗಿಸಬೇಕು. ಕಟಕಟ ಸದ್ದು ಬಂದರೆ ಅಥವಾ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಬೇರಿಂಗು ಸಡಿಲವಾಗಿದೆ ಅಥವಾ ಸವೆದಿದೆ. ಅನಂತರ ಚಕ್ರವನ್ನು ತಿರುಗಿಸಿ ಕಿವಿಗೊಡಬೇಕು. ಮರಳು ಅರೆದಂತಹ ಸದ್ದು ಬಂದರೆ ಗ್ರೀಸಿನಲ್ಲಿ ದೂಳು ಸೇರಿದೆ. ತಿರುಗುವಾಗ ರಿಮ್ಮಿನ ಅಂಚು ಅತ್ತಿತ್ತ ಹೊಯ್ದಾಡಿದರೆ ರಿಮ್ಮು ಸೊಟ್ಟಗಾಗಿದೆ. ದಿನನಿತ್ಯ ಚಾಲಕರು ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಒಂದು ಸುತ್ತು ಮುಗಿಸಿ ಬಂದ ಕೂಡಲೇ ಎರಡೂ ಹಬ್ಬುಗಳ ಬಳಿ ಕೈಯ ಹಿಂಭಾಗವನ್ನು ಮುಟ್ಟಿಸದೆ ಹಿಡಿಯಬೇಕು. ಒಂದು ಹಬ್ಬು ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಅದರ ಬೇರಿಂಗು ಅಥವಾ ಬ್ರೇಕು ತೊಂದರೆಯಲ್ಲಿದೆ.

ತೂಗುಗುಂಡಿನ ಪರೀಕ್ಷೆ: ಚಕ್ರದ ಹೊರಗಡೆ ತೂಗುಗುಂಡನ್ನು ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ದೂರವನ್ನು ಅಳೆಯಬೇಕು. ಎರಡೂ ದೂರ ಸಮನಾಗಿದ್ದರೆ ಚಕ್ರ ನೆಟ್ಟಗಿದೆ. ಮೇಲಿನ ದೂರ ಹೆಚ್ಚಾಗಿದ್ದರೆ ಚಕ್ರದ ತಲೆ ಒಳಕ್ಕೆ ವಾಲಿದೆ. 16 ಇಂಚಿನ ರಿಮ್ಮಿನಲ್ಲಿ 7 ಮಿ.ಮೀ. ವ್ಯತ್ಯಾಸವೆಂದರೆ ಸುಮಾರು ಒಂದು ಡಿಗ್ರಿ ವಾಲಿಕೆ. ಈ ಅಳತೆಯನ್ನು ತೊಟ್ಟಿ ಖಾಲಿಯಿರುವಾಗ ಒಮ್ಮೆ, ತುಂಬಿರುವಾಗ ಒಮ್ಮೆ ತೆಗೆಯಬೇಕು. ತುಂಬಿದಾಗ ಟ್ರೇಲರಿನ ಪಕ್ಕದಲ್ಲಿ ನಿಂತು ಅಳೆಯಬೇಕೇ ಹೊರತು ಕೆಳಗೆ ಹೋಗಬಾರದು. ಖಾಲಿಯಿದ್ದಾಗ ನೆಟ್ಟಗಿದ್ದು ತುಂಬಿದಾಗ ಮಾತ್ರ ವಾಲಿದರೆ ಅಚ್ಚು ಇನ್ನೂ ಕೆಟ್ಟಿಲ್ಲ, ಆದರೆ ಹೊರೆಗೆ ಸಾಲದಾಗಿದೆ. ಖಾಲಿಯಿದ್ದಾಗಲೂ ವಾಲಿದ್ದರೆ ಅಚ್ಚು ಶಾಶ್ವತವಾಗಿ ಬಾಗಿದೆ. ಮೊದಲನೆಯದಕ್ಕೆ ಹೊರೆ ಇಳಿಸುವುದೇ ಪರಿಹಾರ, ಎರಡನೆಯದಕ್ಕೆ ಅಚ್ಚು ಬದಲಿಸಬೇಕು. ಬಾಗಿದ ಅಚ್ಚನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿಸಬಾರದು. ಕಾಯಿಸಿದ ಉಕ್ಕು ತನ್ನ ಬಲ ಕಳೆದುಕೊಂಡು ಬೇಗನೆ ಮತ್ತೆ ಬಾಗುತ್ತದೆ ಅಥವಾ ಮುರಿಯುತ್ತದೆ.

ಸಮಾನಾಂತರ ಪರೀಕ್ಷೆ: ಎರಡೂ ಟೈರುಗಳ ಮುಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ಗ್ರಿಪ್ಪಿನ ನಡುಗೆರೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎರಡರ ನಡುವಿನ ದೂರವನ್ನು ಅಳೆಯಬೇಕು. ಅನಂತರ ಒತ್ತುಗಳನ್ನು ತೆಗೆದು, ಅದೇ ಗುರುತುಗಳು ಹಿಂಭಾಗದಲ್ಲಿ ಹಬ್ಬಿನ ಎತ್ತರಕ್ಕೆ ಬರುವಂತೆ ಟ್ರೇಲರನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದಕ್ಕೆ ಎಳೆಸಿ ಮತ್ತೆ ಅಳೆಯಬೇಕು. ಎರಡೂ ಅಳತೆ ಸಮನಾಗಿರಬೇಕು. ಸಣ್ಣ ವ್ಯತ್ಯಾಸವೂ ಎಷ್ಟು ದುಬಾರಿಯೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಟೈರಿನ ವ್ಯಾಸ 900 ಮಿ.ಮೀ. ಎಂದುಕೊಳ್ಳೋಣ. ಮುಂದಿನ ಮತ್ತು ಹಿಂದಿನ ಅಳತೆಗಳ ವ್ಯತ್ಯಾಸ 18 ಮಿ.ಮೀ. ಇದ್ದರೆ ಪ್ರತಿ ಚಕ್ರದ ಪಾಲು 9 ಮಿ.ಮೀ. 900ಕ್ಕೆ 9 ಎಂದರೆ ನೂರಕ್ಕೆ ಒಂದು. ಅಂದರೆ ಪ್ರತಿ ಒಂದು ಕಿಲೋಮೀಟರ್ ಓಟದಲ್ಲಿ ಟೈರು 10 ಮೀಟರಿನಷ್ಟು ಅಡ್ಡಲಾಗಿ ಉಜ್ಜಿಕೊಳ್ಳುತ್ತದೆ. ದಿನಕ್ಕೆ 40 ಕಿ.ಮೀ.ಯಂತೆ 90 ದಿನ ಓಡಿದರೆ 3,600 ಕಿ.ಮೀ. ಓಟವಾಗುತ್ತದೆ. ಅಷ್ಟರಲ್ಲಿ ಟೈರು 36 ಕಿ.ಮೀ. ದೂರ ಅಡ್ಡಲಾಗಿ ಎಳೆಸಿಕೊಂಡಿರುತ್ತದೆ. ತುಂಬಿದ ತೊಟ್ಟಿಯನ್ನು ಹೊತ್ತು ಹಿರಿಯೂರಿನಿಂದ ಚಿತ್ರದುರ್ಗದ ದಾರಿಯಲ್ಲಿ ಅಷ್ಟು ದೂರ ಅಡ್ಡಡ್ಡ ಉಜ್ಜಿದ ರಬ್ಬರು ಉಳಿಯುವುದಾದರೂ ಹೇಗೆ? ಇಂತಹ ಟ್ರೇಲರಿಗೆ ಎಷ್ಟೇ ಒಳ್ಳೆಯ ಹೊಸ ಟೈರು ಹಾಕಿದರೂ ಒಂದೇ ಬೇಸಿಗೆಯಲ್ಲಿ ಹಾಳಾಗುತ್ತದೆ. ಇದರಲ್ಲಿ ಅಂಗಡಿಯವರ ತಪ್ಪೂ ಇಲ್ಲ, ಚಾಲಕನ ತಪ್ಪೂ ಇಲ್ಲ.

ಅಚ್ಚಿನ ನೇರದ ಪರೀಕ್ಷೆ: ಟ್ರ್ಯಾಕ್ಟರಿಗೆ ಜೋಡಿಸುವ ಡ್ರಾಬಾರಿನ ರಂಧ್ರದ ನಡುವಿನಿಂದ ಅಚ್ಚಿನ ಎಡತುದಿಗೂ ಬಲತುದಿಗೂ ಟೇಪಿನಿಂದ ಅಳೆಯಬೇಕು. ಎರಡೂ ಸಮನಾಗಿರಬೇಕು. ವ್ಯತ್ಯಾಸವಿದ್ದರೆ ಯು-ಬೋಲ್ಟು ಸಡಿಲಗೊಂಡು ಅಥವಾ ಪಟ್ಟಿಯ ನಡುವಿನ ಬೋಲ್ಟು ತುಂಡಾಗಿ ಅಚ್ಚು ಜಾರಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಂದೇ ಅಚ್ಚಿರುವ ಟ್ರೇಲರಿನಲ್ಲಿ ಅಚ್ಚು ಓರೆಯಾದರೆ ಚಕ್ರಗಳು ನೇರವಾಗಿಯೇ ಉರುಳುತ್ತವೆ, ತೊಟ್ಟಿಯು ಮಾತ್ರ ಒಂದು ಪಕ್ಕಕ್ಕೆ ಹೊರಳಿಕೊಂಡು ಹಿಂಬಾಲಿಸುತ್ತದೆ. ಟೈರು ಹೆಚ್ಚು ಸವೆಯದಿದ್ದರೂ ಟ್ರೇಲರು ರಸ್ತೆಯಲ್ಲಿ ಹೆಚ್ಚು ಅಗಲವನ್ನು ಆಕ್ರಮಿಸುತ್ತದೆ. ರಾತ್ರಿ ಎದುರಿನಿಂದ ಬರುವವರಿಗೆ ಇದು ಅಪಾಯಕಾರಿ. ಹತ್ತಿರ ಹತ್ತಿರ ಎರಡು ಅಚ್ಚುಗಳಿರುವ ದೊಡ್ಡ ಟ್ರೇಲರಿನಲ್ಲಿ ಹಾಗಲ್ಲ. ಅಲ್ಲಿ ಎರಡು ಅಚ್ಚುಗಳು ಪರಸ್ಪರ ಸಮಾನಾಂತರವಿಲ್ಲದಿದ್ದರೆ ಒಂದನ್ನೊಂದು ಎಳೆದಾಡಿ ನಾಲ್ಕೂ ಟೈರುಗಳನ್ನು ತಿನ್ನುತ್ತವೆ. ಇಂತಹ ಟ್ರೇಲರುಗಳನ್ನು ಇಕ್ಕಟ್ಟಿನ ಜಾಗದಲ್ಲಿ ಹೊರೆಸಹಿತ ತಿರುಗಿಸುವುದೂ ಟೈರಿಗೆ ಹಾನಿಕರ.

ಹೊರೆಯ ಲೆಕ್ಕ

ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. 5,000 ಲೀಟರ್ ತೊಟ್ಟಿ ತುಂಬಿದಾಗ ನೀರೇ 5 ಟನ್ ಆಗುತ್ತದೆ, ತೊಟ್ಟಿ ಮತ್ತು ಚಾಸಿಯ ತೂಕ ಬೇರೆ. ಒಟ್ಟು ಭಾರ 6 ಟನ್ ಎಂದೂ ಅದರಲ್ಲಿ 1 ಟನ್ ಡ್ರಾಬಾರಿನ ಮೂಲಕ ಟ್ರ್ಯಾಕ್ಟರಿಗೆ ಹೋಗುತ್ತದೆಂದೂ ಇಟ್ಟುಕೊಂಡರೆ, ಉಳಿದ 5 ಟನ್ ಎರಡು ಟೈರುಗಳ ಮೇಲೆ ಬೀಳುತ್ತದೆ. ಅಂದರೆ ಟೈರೊಂದಕ್ಕೆ ಎರಡೂವರೆ ಟನ್. ಟೈರಿನ ಪಕ್ಕದಲ್ಲಿ ಅದು ಹೊರಬಲ್ಲ ಗರಿಷ್ಠ ಭಾರ ಮತ್ತು ಅದಕ್ಕೆ ಬೇಕಾದ ಗಾಳಿಯ ಒತ್ತಡವನ್ನು ಮುದ್ರಿಸಿರುತ್ತಾರೆ. ಸದಸ್ಯರು ತಮ್ಮ ಪಂಚಾಯಿತಿಯ ಟ್ರೇಲರಿಗೆ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಲೆಕ್ಕದ ಭಾರ ಮುದ್ರಿತ ಮಿತಿಯನ್ನು ಮೀರಿದ್ದರೆ ಯಾವ ದುರಸ್ತಿಯೂ ನಿಲ್ಲುವುದಿಲ್ಲ. ಸೂಕ್ತ ಅಚ್ಚು ಮತ್ತು ಟೈರನ್ನು ಹಾಕಿಸಬೇಕು, ಇಲ್ಲವೇ ತೊಟ್ಟಿಯನ್ನು ಚಿಕ್ಕದು ಮಾಡಬೇಕು. ಅರ್ಧ ತುಂಬಿಸಿ ಓಡಿಸುವುದು ಪರಿಹಾರವೆಂದು ತೋರಬಹುದು. ಆದರೆ ಒಳಗೆ ಅಡ್ಡತಟ್ಟೆಗಳಿಲ್ಲದ ತೊಟ್ಟಿಯಲ್ಲಿ ಅರ್ಧ ನೀರು ತಿರುವಿನಲ್ಲಿ ಒಂದು ಬದಿಗೆ, ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಅದರಿಂದ ಒಂದೇ ಟೈರಿನ ಮೇಲೆ ಭಾರ ಹಠಾತ್ತನೆ ಏರಿ ಟ್ರೇಲರು ಮಗುಚುವ ಸಂಭವ ಹೆಚ್ಚುತ್ತದೆ. ಹೊಸ ತೊಟ್ಟಿ ಮಾಡಿಸುವಾಗ ಅಡ್ಡತಟ್ಟೆಗಳ ಷರತ್ತನ್ನು ಸೇರಿಸುವುದು ಉಚಿತ.

ಮಳೆಗಾಲದ ನಿಲುಗಡೆ

ನಮ್ಮ ಟ್ಯಾಂಕರುಗಳು ವರ್ಷದಲ್ಲಿ ಕೆಲವೇ ತಿಂಗಳು ದುಡಿದು ಉಳಿದ ಕಾಲ ನಿಂತಿರುತ್ತವೆ. ನಿಂತ ಟೈರು ಸವೆಯುವುದಿಲ್ಲ, ಆದರೆ ಹಾಳಾಗುತ್ತದೆ. ಬಿಸಿಲು ಮತ್ತು ಗಾಳಿಗೆ ಪಕ್ಕದ ಗೋಡೆಯಲ್ಲಿ ಬಿರುಕುಗಳು ಮೂಡುತ್ತವೆ, ನೆಲಕ್ಕೆ ಒತ್ತಿದ ಭಾಗ ಚಪ್ಪಟೆಯಾಗುತ್ತದೆ. ಟೈರಿನ ಪಕ್ಕದಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಗಳ ತಯಾರಿಕೆಯ ಗುರುತಿರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 1423 ಎಂದಿದ್ದರೆ 2023ನೆಯ ವರ್ಷದ 14ನೆಯ ವಾರ. ಹೊಸ ಟೈರನ್ನು ಸ್ವೀಕರಿಸುವಾಗ ಈ ಗುರುತನ್ನು ನೋಡುವುದು ಕಡ್ಡಾಯವಾಗಬೇಕು. ಗ್ರಿಪ್ಪು ಹೊಸದಾಗಿ ಕಂಡರೂ ವರ್ಷಗಟ್ಟಲೆ ದಾಸ್ತಾನಿನಲ್ಲಿದ್ದ ಟೈರು ಹೊಸದಲ್ಲ.

ಬೇಸಿಗೆ ಮುಗಿದ ಮೇಲೆ ತೊಟ್ಟಿಯನ್ನು ಖಾಲಿ ಮಾಡಿ, ಅಚ್ಚಿನ ಕೆಳಗೆ ಕಲ್ಲುಗಳನ್ನು ಕೊಟ್ಟು ಚಕ್ರಗಳು ನೆಲ ಮುಟ್ಟದಂತೆ ನಿಲ್ಲಿಸಿ, ಟೈರುಗಳಿಗೆ ನೆರಳು ಮಾಡಬೇಕು. ಮತ್ತೆ ಓಡಿಸುವ ಮೊದಲು ಬೇರಿಂಗುಗಳನ್ನು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಿಸಬೇಕು. ಯು-ಬೋಲ್ಟು ಮತ್ತು ಚಕ್ರದ ನಟ್ಟುಗಳನ್ನು ಮೊದಲ ಕೆಲವು ಸುತ್ತುಗಳ ನಂತರ ಮತ್ತೊಮ್ಮೆ ಬಿಗಿ ಮಾಡಿಸಬೇಕು.

ಸ್ವಚ್ಛ ವಾಹಿನಿ ಮತ್ತು ಬಾಡಿಗೆ ಟ್ಯಾಂಕರುಗಳು

ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಗಳಿಗೂ ಇದೇ ನಮೂನೆಗಳು ಅನ್ವಯಿಸುತ್ತವೆ. ಅವುಗಳಿಗೆ ಸ್ಟೀರಿಂಗ್ ಇರುವುದರಿಂದ ಮುಂದಿನ ಟೈರುಗಳ ಓರೆ ಸವೆತವನ್ನು ಚಕ್ರ ಜೋಡಣೆಯ ಅಂಗಡಿಯಲ್ಲಿ ಸರಿಪಡಿಸಬಹುದು. ಈ ವಾಹನಗಳನ್ನು ಅನೇಕ ಕಡೆ ಸಂಜೀವಿನಿ ಒಕ್ಕೂಟದ ಮಹಿಳೆಯರು ಚಾಲನೆ ಮಾಡುತ್ತಿದ್ದಾರೆ. ಟೈರು ಬೇಗ ಸವೆದಾಗ "ಹೆಣ್ಣುಮಕ್ಕಳಿಗೆ ಗಾಡಿ ಓಡಿಸಲು ಬರುವುದಿಲ್ಲ" ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಸದಸ್ಯರು ಆಗ ಟೈರನ್ನೇ ತರಿಸಿ ನೋಡಬೇಕು. ಹಠಾತ್ ಬ್ರೇಕಿನ ಚಪ್ಪಟೆ ಗುರುತು ಒಂದು ಬಗೆ, ಓರೆ ಸವೆತ ಇನ್ನೊಂದು ಬಗೆ. ಒಂದೇ ಅಂಚು ಸುತ್ತಲೂ ಸಮವಾಗಿ ಸವೆದಿದ್ದರೆ ಅದು ವಾಹನದ ದೋಷವೇ ಹೊರತು ಚಾಲಕಿಯ ದೋಷವಲ್ಲ.

ಬಾಡಿಗೆಗೆ ಪಡೆಯುವ ಲಾರಿ ಟ್ಯಾಂಕರುಗಳಲ್ಲಿ ಹಿಂದೆ ಜೋಡಿ ಟೈರುಗಳಿರುತ್ತವೆ. ಜೋಡಿಯಲ್ಲಿ ಒಂದರ ಗಾಳಿ ಇಳಿದರೆ ಇನ್ನೊಂದು ಇಮ್ಮಡಿ ಭಾರ ಹೊರುತ್ತದೆ, ಹೊರಗಿನಿಂದ ಅದು ತಿಳಿಯುವುದಿಲ್ಲ. ಒಳಗಿನ ಟೈರಿನ ಗಾಳಿಯನ್ನೂ ಗೇಜಿನಿಂದಲೇ ನೋಡಬೇಕು. ಕರಾರು ಪತ್ರದಲ್ಲಿ ಟೈರುಗಳ ಸ್ಥಿತಿಯ ಬಗ್ಗೆ ಒಂದು ಷರತ್ತಿರುವುದು ಮತ್ತು ಮೊದಲ ದಿನವೇ ಟೈರುಗಳ ಛಾಯಾಚಿತ್ರ ತೆಗೆದು ಕಡತದಲ್ಲಿಡುವುದು ಒಳ್ಳೆಯದು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಟೈರು ಬದಲಾವಣೆಯ ಬಾಬ್ತು ಸಭೆಗೆ ಬಂದಾಗ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆದು ನಡವಳಿಯಲ್ಲಿ ದಾಖಲಿಸಬೇಕೆಂದು ಸೂಚಿಸಲಾಗಿದೆ.

1. ಹಳೆಯ ಟೈರು ಎಲ್ಲಿದೆ? ಯಾವ ಭಾಗ ಸವೆದಿದೆ? ಹನ್ನೆರಡು ಅಂಕಿಗಳ ಅಳತೆ ಇದೆಯೇ?

2. ಈ ಟೈರು ಎಷ್ಟು ಕಿ.ಮೀ. ಓಡಿದೆ? ಲಾಗ್ ಪುಸ್ತಕದಲ್ಲಿ ಸುತ್ತುಗಳ ಲೆಕ್ಕವಿದೆಯೇ?

3. ಬೇರಿಂಗು, ತೂಗುಗುಂಡು, ಸಮಾನಾಂತರ ಮತ್ತು ಅಚ್ಚಿನ ನೇರದ ಪರೀಕ್ಷೆಗಳ ಫಲಿತಾಂಶವೇನು?

4. ಸವೆತಕ್ಕೆ ಕಾರಣವಾದ ದೋಷವನ್ನು ಹೊಸ ಟೈರು ಹಾಕುವ ಮೊದಲು ಸರಿಪಡಿಸಲಾಗಿದೆಯೇ?

5. ಹೊಸ ಟೈರುಗಳು ಎರಡೂ ಒಂದೇ ಅಳತೆ, ಒಂದೇ ರಚನೆಯವೇ? ತಯಾರಿಕೆಯ ಗುರುತು ದಾಸ್ತಾನು ವಹಿಯಲ್ಲಿ ನಮೂದಾಗಿದೆಯೇ?

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ಎಡದ ಟೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿ ಹಾಕುವುದರಿಂದ ಸವೆತ ಕೆಲವು ದಿನ ಹಂಚಿಹೋಗುತ್ತದೆ, ಆದರೆ ದೋಷ ಇದ್ದಲ್ಲಿಯೇ ಇರುತ್ತದೆ. ಬೇರಿಂಗು, ಬೋಲ್ಟು, ಗ್ರೀಸುಗಳ ವೆಚ್ಚ ಒಂದು ಟೈರಿನ ಬೆಲೆಗಿಂತ ಬಹಳ ಕಡಿಮೆ. ಖರೀದಿ ಅನಿವಾರ್ಯವಾದಾಗ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಕ್ರಮಗಳನ್ನು ಪಾಲಿಸಬೇಕೆಂಬುದು ಸದಸ್ಯರಿಗೆ ತಿಳಿದೇ ಇದೆ. ಟೈರಿನ ಸವೆತದ ಅಳತೆಯನ್ನು ಕಡತಕ್ಕೆ ಲಗತ್ತಿಸಿದರೆ ಲೆಕ್ಕ ಪರಿಶೋಧನೆಯ ಸಮಯದಲ್ಲಿ ಖರೀದಿಯ ಅಗತ್ಯವನ್ನು ಸಮರ್ಥಿಸಲೂ ಅದೇ ಆಧಾರವಾಗುತ್ತದೆ.

ಫೆಬ್ರವರಿ ತಿಂಗಳು ಮುಗಿಯುವುದರೊಳಗೆ, ಅಂದರೆ ನೀರಿನ ಬೇಡಿಕೆ ಏರುವ ಮುನ್ನವೇ, ಪ್ರತಿ ಗ್ರಾಮ ಪಂಚಾಯಿತಿಯ ಟ್ಯಾಂಕರು ಒಮ್ಮೆ ಈ ಪರೀಕ್ಷೆಗೆ ಒಳಪಡುವುದು ಸೂಕ್ತ. ಒಬ್ಬ ಮೆಕ್ಯಾನಿಕ್, ನೀರುಗಂಟಿ ಹಾಗೂ ಟ್ರ್ಯಾಕ್ಟರ್ ಚಾಲಕ ಸೇರಿದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು. ಆಯಾ ವಾರ್ಡಿನ ಸದಸ್ಯರೊಬ್ಬರು ಹಾಜರಿದ್ದು ಅಳತೆಗಳಿಗೆ ಸಹಿ ಹಾಕಿದರೆ ಮುಂದಿನ ಸಭೆಯಲ್ಲಿ ಊಹೆಯ ಮಾತಿಗೆ ಅವಕಾಶವಿರುವುದಿಲ್ಲ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಚಿತ್ರದುರ್ಗ ಜಿಲ್ಲೆ